ಕಲಾಯಿ ಹಾಕಿಸಿಕೊಂಡು ಕೊಲಂಬೋಗೆ

ಶಿರಾಳಕೊಪ್ಪ

ಸಮುದ್ರ ದಾಟಿ ಬಂದವರು ಅಲ್ಲಿನ ಗೋಪುರ, ಉದ್ಯಾನ, ದೀಪಸ್ತಂಭಗಳ ಬಗ್ಗೆ ಬರೆಯುತ್ತಾರೆ. ನಾನು ಅವನ್ನೆಲ್ಲ ನೋಡಲಿಲ್ಲ ಎಂದಲ್ಲ. ನೋಡುವಾಗ ನನ್ನ ಕಂಕುಳಲ್ಲಿ ಒಂದು ಹಿತ್ತಾಳೆ ಕೊಳಗ ಇದ್ದೇ ಇರುತ್ತಿತ್ತು. ನಾನು ಸಿಂಹಳಕ್ಕೆ ಹೋದದ್ದು ಎರಡು ಮೂಟೆ ಪಾತ್ರೆ, ಒಬ್ಬ ಗಂಡ ಮತ್ತು ಒಬ್ಬ ಅತ್ತೆಯವರ ಜೊತೆ. ಭಾರದ ಲೆಕ್ಕದಲ್ಲಿ ಮೂಟೆಗಳೇ ಹಗುರ.

ನಯಾಪೈಸೆ ಹೊಸದಾಗಿ ಬಂದು ಅಂಗಡಿಯವರೂ ಗಿರಾಕಿಗಳೂ ಒಬ್ಬರನ್ನೊಬ್ಬರು ಕಳ್ಳರೆಂದು ತಿಳಿದಿದ್ದ ಕಾಲ. ಶಿರಾಳಕೊಪ್ಪದಲ್ಲಿ ನಮ್ಮದು ಬಟ್ಟೆ ಅಂಗಡಿ. ನನ್ನ ನಾದಿನಿ ಪಾರ್ವತಿಯನ್ನು ಹಿಂದಿನ ವರ್ಷ ಕೊಲಂಬೋದಲ್ಲಿ ಕಚೇರಿ ಕೆಲಸದಲ್ಲಿದ್ದ ಮಹಾಲಿಂಗಪ್ಪನವರಿಗೆ ಕೊಟ್ಟಿದ್ದರು. ಅವಳು ಈಗ ಏಳು ತಿಂಗಳ ಬಸುರಿ. ಒಂದು ದಿನ ಅವಳ ಕಾಗದ ಬಂತು. ಎಲ್ಲ ಕ್ಷೇಮ, ಇಲ್ಲಿ ಎಲ್ಲರೂ ಮಣ್ಣಿನ ಮಡಕೆಯಲ್ಲೇ ಅಡುಗೆ ಮಾಡುತ್ತಾರೆ, ನಾನೂ ಕಲಿತೆ, ಸಾರು ಬಹಳ ರುಚಿ ಎಂದು ಬರೆದಿದ್ದಳು. ಓದಿ ಹೇಳಿದವಳು ನಾನು. ಓದುವಾಗ ಆ ಒಂದು ಸಾಲು ನುಂಗಿಬಿಡಬಹುದಿತ್ತು. ಆದರೆ ನಾನು ಹೈಸ್ಕೂಲು ಓದಿದವಳು, ಬರೆದದ್ದನ್ನು ಬರೆದ ಹಾಗೆಯೇ ಓದುವ ಕೆಟ್ಟ ಚಾಳಿ ನನಗೆ.

"ಮಡಕೇಲಾ?" ಎಂದರು ಅತ್ತೆ. "ನನ್ನ ಮಗಳು ಮಡಕೇಲಿ ಬೇಯಿಸ್ಕಂಡು ತಿಂತಾಳಾ? ಅವಳಣ್ಣನ ಮದುವೇಲಿ ಬಂದು, ಬಳಸಿ ಎತ್ತಿಟ್ಟ ಪಾತ್ರೆ ಅಟ್ಟದ ಮ್ಯಾಲೆ ರಾಶಿ ಬಿದ್ದಾವಲ್ಲ!"

ನಂತರ ನನ್ನ ಕಡೆ ತಿರುಗಿದರು. ನನ್ನ ತವರು ಸೊರಬ ತಾಲ್ಲೂಕಿನ ಉಳವಿಯ ಹತ್ತಿರ. ನಮ್ಮಮ್ಮ ಹುಳಿ ಪದಾರ್ಥವನ್ನೆಲ್ಲ ಮಡಕೆಯಲ್ಲೇ ಕುದಿಸುತ್ತಿದ್ದಳು. ಅತ್ತೆಯವರ ಭೂಗೋಳದಲ್ಲಿ ಸೊರಬದ ಕಡೆಯವರು ನಿನ್ನೆ ಮೊನ್ನೆ ಮರದಿಂದ ಇಳಿದವರು; ಶಿಕಾರಿಪುರ ತಾಲ್ಲೂಕಿನವರು ಮಾತ್ರ ಹಿತ್ತಾಳೆ ತಂಬಿಗೆ ಹಿಡಿದೇ ಹುಟ್ಟುತ್ತಾರೆ.

"ಇದು ನೀನೇ ಕಲಿಸಿದ್ದು."

"ಅತ್ತೆ, ಮಡಕೆ ಸಾರು ಒಂದು ಸಲನೂ ನೀವು ಮಾಡೋಕೆ ಬಿಟ್ಟಿಲ್ಲ. ನಾನು ಯಾವಾಗ ಕಲಿಸ್ಲಿ?"

"ಮಾಡಿಲ್ಲ. ಹೊಗಳಿದೀಯ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ವಂಶ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಆದ್ದರಿಂದ ನಾವೇ ಹೋಗಿ ಪಾರ್ವತಿಯನ್ನು ಕರೆತರುವುದು, ಹೋಗುವಾಗ ಪಾತ್ರೆಗಳನ್ನೂ ಒಯ್ಯುವುದು ಎಂದು ತೀರ್ಮಾನವಾಯಿತು. ಕರೆತರುವುದೇ ಆದರೆ ಪಾತ್ರೆ ಯಾಕೆ ಎಂದು ನಾನು ಕೇಳಿದೆ. "ಕೂಸು ಎತ್ಕಂಡು ವಾಪಸ್ ಹೋದ ಮ್ಯಾಲೆ ಆ ಕೂಸಿಗೂ ಮಡಕೇಲಿ ಬೇಯಿಸಿ ಹಾಕ್ಲಾ?" ಎಂದರು. ಯಜಮಾನರು ಅವ್ವ ಹೇಳುವುದೂ ಸರಿ, ಗೌರಿ ಕೇಳುವುದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಅಂಗಡಿಗೆ ಹೋದರು.

ಕಲಾಯಿಯವನು ಬಂದು ಮನೆಮುಂದೆ ಗುಂಡಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿ, ಹತ್ತಿಯುಂಡೆಯಿಂದ ತವರ ಬಳಿದ. ಒಳಗೆಲ್ಲ ಬೆಳ್ಳಿಯಂತೆ ಬೆಳಗಿತು. ಹೊರಮೈಯನ್ನು ಹುಣಸೆಹಣ್ಣು, ಒಲೆಬೂದಿ ಹಾಕಿ ಉಜ್ಜಿದ್ದು ಯಾರೆಂದು ಬೇರೆ ಹೇಳಬೇಕಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಒಂದೊಂದನ್ನೂ ಬೆರಳಿನಿಂದ ಸವರಿ, ಗೆಣ್ಣಿನಿಂದ ಕುಟ್ಟಿ, ಸದ್ದು ಕೇಳಿ ಪಾಸು ಮಾಡಿದರು. ಪಾತ್ರೆಯನ್ನು ಕಣ್ಣಿಂದ ನೋಡುವುದು ಸೊರಬದವರ ಪದ್ಧತಿ ಇರಬೇಕು ಎಂದುಕೊಂಡೆ.

ರೈಲು

ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ಮದ್ರಾಸು, ಅಲ್ಲಿಂದ ಸಮುದ್ರದ ಅಂಚಿನವರೆಗೆ ರೈಲು. ಭಾರತ ದೇಶ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಪಾತ್ರೆ ಮೂಟೆಯೊಂದಿಗೆ ರೈಲು ಬದಲಾಯಿಸಬೇಕು. ಪ್ರತಿ ಬ್ರೇಕಿಗೂ ಮೂಟೆ ಝಣ್ ಎನ್ನುತ್ತಿತ್ತು. ಎದುರಿಗೆ ಕೂತಿದ್ದ ತಮಿಳು ಮುದುಕರೊಬ್ಬರು ನಾವು ಯಾವುದೋ ಭಜನೆ ಮೇಳದವರೆಂದು ತಿಳಿದು, ಯಾವಾಗ ಹಾಡು ಶುರು ಎಂದು ಸನ್ನೆಯಲ್ಲೇ ಕೇಳಿದರು.

ಸ್ಟೇಷನ್ನಿನಲ್ಲಿ ಎಲೆಯ ಮೇಲೆ ಇಡ್ಲಿ ಸಿಗುತ್ತಿತ್ತು. ಅತ್ತೆ ಅದನ್ನು ತಮ್ಮ ಕಂಚಿನ ಗಂಗಾಳಕ್ಕೆ ಹಾಕಿಸಿಕೊಂಡು, ಅದನ್ನು ಮೂರು ಕಾಲಿನ ಅಡ್ಡಣಿಗೆಯ ಮೇಲಿಟ್ಟುಕೊಂಡೇ ಉಂಡರು. ಓಡುವ ರೈಲಿನಲ್ಲಿ ಅಡ್ಡಣಿಗೆ ನಿಲ್ಲುವುದಿಲ್ಲ, ಆದ್ದರಿಂದ ಅದನ್ನು ಹಿಡಿದುಕೊಳ್ಳಲು ಒಬ್ಬರು ಬೇಕು. ಆ ಒಬ್ಬರು ಉಣ್ಣುವ ಹೊತ್ತಿಗೆ ಇಡ್ಲಿ ತಣ್ಣಗಾಗಿರುತ್ತದೆ.

ತಲೈಮನ್ನಾರ್

ಹಡಗಿನಲ್ಲಿ ಯಜಮಾನರು ವಾಂತಿ ಮಾಡಿಕೊಂಡರು. ಅತ್ತೆ ಮಾಡಿಕೊಳ್ಳಲಿಲ್ಲ, ಸಮುದ್ರಕ್ಕೂ ಅವರ ಎದುರು ಧೈರ್ಯ ಸಾಲದು.

ಆ ದಡದಲ್ಲಿ ಸಾಮಾನು ತಪಾಸಣೆ. ಬಿಳಿ ಪ್ಯಾಂಟು ಹಾಕಿದ ಅಧಿಕಾರಿ ಮೂಟೆ ಬಿಚ್ಚಿಸಿದ. ಬಿಸಿಲಿಗೆ ಕೊಳಗ, ತಪ್ಪಲೆ, ಚರಿಗೆ, ಬೋಗುಣಿ ಎಲ್ಲ ಫಳಫಳ ಹೊಳೆದವು. ಅವನ ಹುಬ್ಬು ಮೇಲೇರಿತು. ಇಷ್ಟು ಹೊಸ ಪಾತ್ರೆ ತಂದಿದ್ದೀರಿ, ಮಾರಲಿಕ್ಕೋ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಮ್ಮ ಮನೆಬಳಕೆಯವು ಎಂದರು ಯಜಮಾನರು. ಅವನು ಒಂದು ತಪ್ಪಲೆಯನ್ನು ತಿರುಗಿಸಿ, ಇದರ ಮೇಲೆ ಕೊರೆದಿರುವುದು ಏನು ಎಂದ.

ನಮ್ಮವರದು ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಸ್ವಭಾವ. ಒಂದೊಂದನ್ನೇ ಎತ್ತಿ ಓದತೊಡಗಿದರು: ಆನವಟ್ಟಿ ಚನ್ನವೀರಪ್ಪ. ಕಿರಾಣಿ ಅಂಗಡಿ ರುದ್ರಪ್ಪ. ಮಾವನವರ ಅಕ್ಕ ಬಸಮ್ಮ. ನಮ್ಮ ಕಡೆ ಮದುವೆಯಲ್ಲಿ ಪಾತ್ರೆ ಉಡುಗೊರೆ ಕೊಡುವವರು ಮೊದಲು ತಮ್ಮ ಹೆಸರು ಕೊರೆಸುತ್ತಾರೆ; ಕೊಟ್ಟವರು ಮರೆಯಬಹುದು, ಪಡೆದವರು ಮರೆಯಬಾರದು. ಇದು ಆ ಅಧಿಕಾರಿಗೆ ಗೊತ್ತಿರಲು ಅವನೇನು ಶಿರಾಳಕೊಪ್ಪದ ಸಂತೆಗೆ ಬಂದವನೇ? ಪ್ರತಿ ಪಾತ್ರೆಗೂ ಒಬ್ಬ ಗಿರಾಕಿ, ಹೆಸರು ಹಾಕಿಸಿ ತಂದಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು.

"ನಿಮ್ಮ ಹೆಸರು ಇರುವ ಪಾತ್ರೆ ಯಾವುದು, ತೋರಿಸಿ" ಎಂದ.

"ನಮ್ಮ ಹೆಸರಿನವು ಬೇರೆಯವರ ಮನೆಯಲ್ಲಿವೆ" ಎಂದರು ಯಜಮಾನರು, ಸತ್ಯಹರಿಶ್ಚಂದ್ರನ ಮುಖ ಮಾಡಿಕೊಂಡು.

ಸುಂಕ ಕಟ್ಟಬೇಕು, ಇಲ್ಲ ಮೂಟೆ ಇಲ್ಲೇ ಬಿಡಬೇಕು ಎಂದಾಯಿತು. ನಾನು ಅತ್ತೆಗೆ ವಿಷಯ ಹೇಳಿದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದು, ಆ ಆನವಟ್ಟಿ ತಪ್ಪಲೆಯನ್ನು ಮಡಿಲಲ್ಲಿಟ್ಟುಕೊಂಡು, ಒಳಗಿನ ಹೊಸ ಕಲಾಯಿಯನ್ನು ಪರಪರ ಕೆರೆದರು. ಬಿಳಿ ತವರ ಎದ್ದು, ಕೆಳಗಿನ ಹಳೇ ಹಿತ್ತಾಳೆ, ಅದರ ಮೇಲಿನ ಸುಟ್ಟ ಕಲೆ ಕಾಣಿಸಿದವು.

"ನೋಡಪಾ! ಎಷ್ಟು ಸಲ ಸೀದೈತೆ ನೋಡು. ಹೊಸಾ ಪಾತ್ರೇಲಿ ಸೀದ ಕಲೆ ಇರ್ತದೇನು? ಅಡುಗೆ ಮಾಡಿದ್ದು ನನ್ನ ಸೊಸೆ, ಅದಕ್ಕೇ ಇಷ್ಟು ಸೀದೈತೆ!"

ಅವನಿಗೆ ಕನ್ನಡ ತಿಳಿಯಲಿಲ್ಲ, ಕಲೆ ತಿಳಿಯಿತು. ನಕ್ಕು ಹೋಗಿ ಎಂದ. ಹೀಗೆ ನನ್ನ ಅಡುಗೆಯ ಕೀರ್ತಿ ಎರಡು ದೇಶಗಳ ನಡುವೆ ಸುಂಕವಿಲ್ಲದೆ ದಾಟಿತು.

ಕೊಲಂಬೋ: ಅಡುಗೆಮನೆ

ಪಾರ್ವತಿ ಬಾಗಿಲಲ್ಲೇ ನಿಂತಿದ್ದಳು. ಮುಖ ಉಬ್ಬಿತ್ತು, ಪಾದಗಳು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಅವಳನ್ನು ತಬ್ಬಿಕೊಂಡ ಅತ್ತೆ ತಬ್ಬಿದ ಕೈ ಬಿಡುವ ಮೊದಲೇ, "ಅಡುಗೆಮನಿ ಎಲ್ಲೈತೆ?" ಎಂದರು.

ಒಪ್ಪವಾದ ಅಡುಗೆಮನೆ. ಒಲೆಯ ಬದಿಗೆ ಮಡಕೆಗಳು ಮಗುಚಿದ್ದವು. ತೆಂಗಿನ ಚಿಪ್ಪಿಗೆ ಹಿಡಿ ಸಿಕ್ಕಿಸಿದ ಸೌಟುಗಳು ಗೋಡೆಗೆ ನೇತಾಡುತ್ತಿದ್ದವು. ಮಡಕೆಗೆ ಲೋಹದ ಸೌಟು ಬಡಿಯಬಾರದು. ಹೊಸ ಮಡಕೆಯನ್ನು ನೀರಲ್ಲಿ ನೆನೆಸಿ, ಅಕ್ಕಿ ತೊಳೆದ ನೀರು ಕುದಿಸಿ, ಎಣ್ಣೆ ಸವರಿ ಪಳಗಿಸಬೇಕು, ತೆಂಗಿನ ನಾರಲ್ಲೇ ತೊಳೆಯಬೇಕು, ಸೋಪು ಮುಟ್ಟಿಸಬಾರದು ಎಂದು ಪಾರ್ವತಿ ಉತ್ಸಾಹದಿಂದ ಹೇಳಿದಳು. ಥೇಟ್ ನಮ್ಮಮ್ಮನ ಮಾತು. ನನಗೆ ಎದೆ ತುಂಬಿ ಬಂತು, ಆದರೆ ಅತ್ತೆ ಎದುರಿಗಿದ್ದರು, ಹಾಗಾಗಿ ಕೆಮ್ಮಿದೆ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದರು ಅತ್ತೆ. ಗಾಜಿನ ಕಪಾಟಿನಲ್ಲಿ ನೀಲಿ ಹೂವಿನ ಪಿಂಗಾಣಿ ತಟ್ಟೆಗಳಿದ್ದವು. "ಇವು?"

"ಅವು ಅವರ ಕಚೇರಿಯವರು ಬಂದ್ರೆ ಅವ್ವಾ. ದಿನಾ ತೆಗೆಯಂಗಿಲ್ಲ."

"ಉಣ್ಣಾಕೆ ತೆಗೆಯಂಗಿಲ್ಲ, ಬಿದ್ರೆ ಒಡೀತಾವೆ, ಒಡೆದ್ರೆ ತೂಕಕ್ಕೂ ಬರಂಗಿಲ್ಲ. ಇವನ್ನ ಪಾತ್ರೆ ಅಂತಾರಾ, ದೇವರು ಅಂತಾರಾ?"

ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಪಾರ್ವತಿ ನನ್ನ ಕೈ ಹಿಡಿದಳು. ರಕ್ತದ ಒತ್ತಡ ಏರಿದೆಯಂತೆ. ರೈಲು, ಹಡಗು ಕೂಡದು, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಇಲ್ಲದಿದ್ದರೆ ತಾಯಿಗೂ ಮಗುವಿಗೂ ಅಪಾಯ ಎಂದು ಡಾಕ್ಟರಮ್ಮ ಹೇಳಿದ್ದಾರಂತೆ.

"ನಂಗೆ ಹೆದರಿಕೆ ಆಗ್ತೈತೆ ಅತ್ತಿಗೆ. ನಾನು ಬರಂಗಿಲ್ಲ. ಅವ್ವಗೆ ನೀನೇ ಹೇಳು."

"ನಾನು ಹೇಳಿದ್ರೆ ನಿಮ್ಮವ್ವ ಇವತ್ತೇ ರೈಲು ಹತ್ತಿಸ್ತಾರೆ ಮಾರಾಯ್ತಿ. ನಿಮ್ಮ ಯಜಮಾನರು ಹೇಳ್ಲಿ."

ಮಹಾಲಿಂಗಪ್ಪನವರು ಸಂಜೆ ಕೈಕಟ್ಟಿಕೊಂಡು ನಿಂತು ಹೇಳಿದರು. ಅತ್ತೆ ಅಳಿಯನ ಮಾತನ್ನು ಬಹಳ ಗೌರವದಿಂದ ಕೇಳಿ, ಅಷ್ಟೇ ಗೌರವದಿಂದ ತಳ್ಳಿಹಾಕಿದರು. "ಬಸುರಿ ಕಾಲು ಊದದು ಹೊಸದೇನ್ರೀ? ನನಗೂ ಊದಿತ್ತು. ನಾ ಹತ್ರ ಇರ್ತೀನಲ್ರೀ. ಬರೋ ವಾರ ಹೊರಡಾನ." ಮಹಾಲಿಂಗಪ್ಪನವರು ಯಜಮಾನರ ಮುಖ ನೋಡಿದರು. ಯಜಮಾನರು ಛಾವಣಿ ನೋಡಿದರು. ಆ ಮನೆಯ ಛಾವಣಿ ಬಹಳ ಚೆನ್ನಾಗಿತ್ತು ಎಂದು ಕಾಣುತ್ತದೆ.

ಪಕ್ಕದ ಮನೆಯ ಹಾಲನ್ನ

ಪಕ್ಕದ ಮನೆಯ ಸಿಂಹಳ ಹೆಂಗಸು, ಸೋಮಾವತಿ ಎಂದು ಹೆಸರು, ನಾವು ಬಂದ ಸಂತೋಷಕ್ಕೆ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನವನ್ನು ಬರ್ಫಿಯ ಹಾಗೆ ಕತ್ತರಿಸಿ, ಬೆಲ್ಲದ ಜೊತೆ ಒಂದು ದೊಡ್ಡ ಪಾತ್ರೆ ತುಂಬ ತಂದಳು. ಒಣಮೀನಿನ ಪುಡಿ ಹಾಕದ ಒಂದೇ ಅಡುಗೆ ಇದು ಎಂದು ಪಾರ್ವತಿ ಭರವಸೆ ಕೊಟ್ಟಳು. ಸೋಮಾವತಿಯ ಮರ್ಯಾದೆಗೆ ಪಿಂಗಾಣಿ ತಟ್ಟೆಗಳು ಗರ್ಭಗುಡಿಯಿಂದ ಹೊರಬಂದವು. ಅತ್ತೆಗೆ ಹೊಟ್ಟೆ ಸರಿಯಿರಲಿಲ್ಲ. ಪಿಂಗಾಣಿ ಕಂಡಾಗ ಅವರಿಗೆ ಹಾಗಾಗುತ್ತಿತ್ತು.

ಯಜಮಾನರು ಉಂಡರು. ನಮ್ಮಲ್ಲಿ ಉಂಡ ತಟ್ಟೆಯಲ್ಲಿ ಒಂದಗುಳು ಬಿಡುವಂತಿಲ್ಲ. ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು, ಪ್ರಸಾದ ಅದು. ಅವರು ಪಿಂಗಾಣಿಯನ್ನೂ ಹಾಗೆಯೇ ತೊಳೆದು ಕುಡಿದರು. ಸೋಮಾವತಿ ಅದನ್ನು ನೋಡಿದಳು. ಅವಳ ಮುಖದಲ್ಲಿ ಎಂಥ ಕರುಣೆ! ತಟ್ಟೆ ತೊಳೆದು ಕುಡಿಯುವಷ್ಟು ಹಸಿದವನು ಎಷ್ಟು ದೂರದಿಂದ ಬಂದನೋ ಎಂದು ಮತ್ತೆ ತುಂಬಿದಳು. ಬಡಿಸಿದ್ದನ್ನು ಬಿಡುವಂತಿಲ್ಲ. ಉಂಡರು, ತೊಳೆದರು, ಕುಡಿದರು. ಅವಳು ಕಣ್ಣೊರೆಸಿಕೊಂಡು ಮತ್ತೆ ತುಂಬಿದಳು. ಧರ್ಮ ಎರಡೂ ಕಡೆಯಿಂದ ಕೈಬಿಡಲಿಲ್ಲ. ಕೊನೆಗೆ ಪಾರ್ವತಿ ನಗುನಗುತ್ತ ಸಿಂಹಳದಲ್ಲಿ ವಿವರಿಸುವ ಹೊತ್ತಿಗೆ ಯಜಮಾನರಿಗೆ ಎದ್ದು ನಿಲ್ಲಲು ಆಧಾರ ಬೇಕಾಗಿತ್ತು. ಪಾರ್ವತಿ ನಕ್ಕದ್ದನ್ನು ನಾನು ನೋಡಿದ್ದು ಆ ಮನೆಯಲ್ಲಿ ಅದೊಂದೇ ಸಲ.

ಹುಣಸೆಹಣ್ಣಿನ ಸಾರು

ಹೊರಡುವ ದಿನ ಹತ್ತಿರ ಬಂದಿತ್ತು. ಮಡಕೆಗಳನ್ನೆಲ್ಲ ಮೂಲೆಗೆ ಸರಿಸಿ, ಅತ್ತೆ ಅಂದು ಬೆಳಿಗ್ಗೆ ತಾವೇ ಒಲೆ ಮುಂದೆ ಕೂತು ಹುಣಸೆಹಣ್ಣು ಕಿವುಚಿ ತಪ್ಪಲೆ ತುಂಬ ಸಾರು ಮಾಡಿದರು. ಮಧ್ಯಾಹ್ನದವರೆಗೆ ಅದು ಅಲ್ಲೇ ಇತ್ತು. ಮಗಳನ್ನು ಎದುರಿಗೆ ಕೂರಿಸಿ, ಗಂಗಾಳಕ್ಕೆ ಅನ್ನ ಹಾಕಿ, ಸಾರು ಬಡಿಸಿದರು.

"ಉಣ್ಣು. ಬಾಯಿಗೆ ರುಚಿ ಬರ್ತೈತೆ."

ನಾನು ಇನ್ನೊಂದು ಸೌಟು ಬಡಿಸಲು ಬಗ್ಗಿದೆ. ತಪ್ಪಲೆಯ ಒಳಗೆ, ಸಾರು ಇಳಿದಿದ್ದ ಜಾಗದಲ್ಲಿ, ಒಂದು ಹಸಿರು ಪಟ್ಟೆ ಕಂಡಿತು. ತಲೈಮನ್ನಾರಿನಲ್ಲಿ ಅಡಕತ್ತರಿಯಿಂದ ಕೆರೆದ ಜಾಗ. ಕಲಾಯಿ ಹೋದ ಹಿತ್ತಾಳೆಗೆ ಹುಳಿ ತಾಗಿ ಕಿಲುಬು ಎದ್ದಿತ್ತು. ಪಾರ್ವತಿ ತುತ್ತು ಎತ್ತಿದ್ದಳು. ನಾನು ಅವಳ ಕೈಗೆ ಹೊಡೆದೆ. ತುತ್ತು ಗೋಡೆಗೆ ಬಿತ್ತು.

"ಏನೇ ಇದು!" ಅತ್ತೆ ಎದ್ದು ನಿಂತರು. "ಬಸುರಿ ಕೈತುತ್ತು ಕೆಡವ್ತೀಯಾ?"

"ಅತ್ತೆ, ಕಿಲುಬು ಐತೆ, ವಿಷ ಅದು. ನೋಡ್ರಿ."

ತಪ್ಪಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅತ್ತೆ ಬಗ್ಗಿ ನೋಡಿದರು. ಹಸಿರು ಪಟ್ಟೆ ಅವರ ಮೂಗಿನ ಎದುರಿಗೇ ಇತ್ತು.

"ಎಲ್ಲೈತೆ? ಎಲ್ಲಾ ಬೆಳ್ಳಗೇ ಐತಲ್ಲ."

ಮನೆಮುಂದೆ ಕೂತು ಪಾತ್ರೆ ಸವರಿದ್ದು, ಕುಟ್ಟಿ ಸದ್ದು ಕೇಳಿದ್ದು, ಕಾಗದವನ್ನು ನನ್ನಿಂದಲೇ ಓದಿಸಿದ್ದು, ಎಲ್ಲ ನನ್ನ ತಲೆಯಲ್ಲಿ ಸಾಲಾಗಿ ನಿಂತವು. ಅದನ್ನೆಲ್ಲ ನಾನು ಜಂಬ ಎಂದುಕೊಂಡಿದ್ದೆ. ಎಷ್ಟು ಚೆಂದದ ಕೊಂಕು ಮಾತುಗಳನ್ನು ಅದರ ಮೇಲೆ ಖರ್ಚು ಮಾಡಿದ್ದೆ!

"ಅವ್ವಾ, ಯಾವಾಗಿಂದ ಕಾಣಂಗಿಲ್ಲ?" ಎಂದಳು ಪಾರ್ವತಿ.

"ಕಾಣ್ತೈತೆ. ಮಂಜು ಮಂಜು ಅಷ್ಟೇ." ಅತ್ತೆ ಬೆರಳನ್ನು ಆ ಪಟ್ಟೆಯ ಮೇಲೆ ಆಡಿಸಿದರು. ಒರಟು ತಾಗಿತು. ಮತ್ತೊಮ್ಮೆ ಆಡಿಸಿದರು. "ನಾನೇ ಕೆರೆದಿದ್ದು" ಎಂದರು, ತಮ್ಮಷ್ಟಕ್ಕೆ. ಆ ಮಧ್ಯಾಹ್ನ ಅವರು ಉಣ್ಣಲಿಲ್ಲ. ಸಂಜೆ ಪಾರ್ವತಿ ಮಡಕೆಯಲ್ಲಿ ಗಂಜಿ ಮಾಡಿ ತಂದಾಗ ಎರಡು ಬಟ್ಟಲು ಕುಡಿದರು. ಚೆನ್ನಾಗಿದೆ ಎನ್ನಲಿಲ್ಲ. ಅಷ್ಟು ನಿರೀಕ್ಷಿಸುವಷ್ಟು ನಾವೂ ಎಳೆಯರಲ್ಲ.

ಹೆರಿಗೆ ಆಸ್ಪತ್ರೆ

ಮರುದಿನ ಪಾರ್ವತಿಗೆ ತಪಾಸಣೆ ಇತ್ತು. ನಾನೂ ಬರ್ತೀನಿ ಎಂದರು ಅತ್ತೆ. ಆಸ್ಪತ್ರೆಗೆ ಹೋಗಿ ಅವರು ಡಾಕ್ಟರಮ್ಮನನ್ನು ಒಂದು ಮಾತೂ ಕೇಳಲಿಲ್ಲ. ಆಕೆ ಎಲ್ಲಿ ಓದಿದವರು, ಎಷ್ಟು ಹೆರಿಗೆ ಮಾಡಿಸಿದವರು, ಏನೂ ಬೇಡ. "ಇಲ್ಲಿ ಪಾತ್ರೆ ತೊಳೆಯೋದು ಎಲ್ಲಿ?" ಎಂದರು.

ಪಾರ್ವತಿ ಅದನ್ನು ಸಿಂಹಳಕ್ಕೆ ತಿರುಗಿಸುವಾಗ ನೆಲ ನೋಡುತ್ತಿದ್ದಳು. ನರ್ಸು ತಬ್ಬಿಬ್ಬಾದಳು, ಆದರೆ ನಮ್ಮನ್ನು ಒಂದು ಕೋಣೆಗೆ ಕರೆದೊಯ್ದಳು. ಅಲ್ಲಿ ಹಂಡೆಯಂಥ ಪೆಟ್ಟಿಗೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಬಿಳಿ ಎನಾಮೆಲ್ ಬೋಗುಣಿಗಳನ್ನೂ ಕತ್ತರಿ ಚಿಮಟಗಳನ್ನೂ ಅದರಲ್ಲಿ ಮುಳುಗಿಸಿದ್ದರು. ಇನ್ನೊಬ್ಬ ನರ್ಸು ಒಂದು ಬೋಗುಣಿಯನ್ನು ಇಕ್ಕಳದಿಂದ ಎತ್ತಿ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿದಳು. ಅಂಚಿನಲ್ಲಿ ಎನಾಮೆಲ್ ಚೂರು ಎದ್ದಿತ್ತು. ಕಡಲೆಬೇಳೆಯಷ್ಟೂ ಇಲ್ಲ. ಅವಳು ಅದನ್ನು ಬದಿಗಿಟ್ಟು ಬೇರೆ ತೆಗೆದಳು.

"ಏನ್ ಮಾಡಿದ್ಲು ಈಗ?" ಅತ್ತೆ ನನ್ನನ್ನು ಕೇಳಿದರು.

"ಬೋಗುಣಿ ಅಂಚಿಗೆ ಸ್ವಲ್ಪ ಚೂರು ಹೋಗಿತ್ತು ಅತ್ತೆ. ಬೇಡ ಅಂತ ಬದಿಗಿಟ್ಟಳು."

"ಎಷ್ಟು ಹೋಗಿತ್ತು?"

"ನನಗೇ ಸರಿಯಾಗಿ ಕಾಣಲಿಲ್ಲ. ಅಷ್ಟು ಚಿಕ್ಕದು."

ಅತ್ತೆ ಬಹಳ ಹೊತ್ತು ಆ ಕುದಿಯುವ ಸದ್ದನ್ನು ಕೇಳುತ್ತ ನಿಂತರು. ಹಬೆಗೆ ಅವರ ಮುಖ ಒದ್ದೆಯಾಗಿತ್ತು. ಬರೀ ಹಬೆ ಎಂದೇ ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದೇ ಅವರಿಗೆ ಮರ್ಯಾದೆ. ನಂತರ ಮಗಳ ಕಡೆ ಕೈ ಚಾಚಿದರು. ಕೈ ಗಾಳಿಯಲ್ಲಿ ಸ್ವಲ್ಪ ಹುಡುಕಿತು. ಪಾರ್ವತಿಯೇ ಮುಂದೆ ಬಂದು ಹಿಡಿದಳು.

"ಪಾರಿ, ನಂಗೆ ಕಾಣಂಗಿಲ್ಲ. ಇವ್ರಿಗೆ ಕಾಣ್ತೈತೆ. ಇಲ್ಲೇ ಹೆರು."

ಪಾರ್ವತಿ ಬಿಕ್ಕಿ ಬಿಕ್ಕಿ ಅತ್ತಳು. ನರ್ಸುಗಳು ಏನು ಅನಾಹುತವಾಯಿತೋ ಎಂದು ಓಡಿಬಂದರು.

"ಅಳಬ್ಯಾಡ ಸುಮ್ನಿರು. ರಕ್ತ ಮ್ಯಾಲೇರ್ತೈತಂತೆ" ಎಂದು ಅತ್ತೆ ಗದರಿಸಿದರು. ಅಳಿಯ ಹೇಳಿದ್ದು ಅವರ ಕಿವಿಗೆ ಅಂದೇ ಬಿದ್ದಿತ್ತು, ಹಾಗಾದರೆ.

ಮಗಳು ಒಳಗೆ ಡಾಕ್ಟರಮ್ಮನ ಹತ್ತಿರ ಉಳಿದಳು. ನಾವಿಬ್ಬರೂ ಹೊರಗೆ ಬಂದೆವು. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆ ನನ್ನ ಮುಂದೆಯೇ ನಡೆದವರು, ನಾನು ಹಿಂದೆ. ಆಸ್ಪತ್ರೆಯ ಬಾಗಿಲಲ್ಲಿ ಅವರು ನಿಂತರು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಏನೋ ಬೈಯುತ್ತಾರೆಂದು ನಾನು ಉತ್ತರ ಸಿದ್ಧ ಮಾಡಿಕೊಂಡೆ. ಅವರು ನನ್ನ ಮುಂಗೈ ಹಿಡಿದುಕೊಂಡರು.

"ಮೆಟ್ಲು ಬಂದ್ರೆ ಹೇಳು ಗೌರಿ."

"ಬಂತು ಅತ್ತೆ" ಎಂದೆ.